ಕಿಡ್ನಿ ಕಸಿಯ ಮಾತ್ರೆಗಳು ಮತ್ತು ಶುಗರ್: ಯಾವುದು ಎಷ್ಟು ಏರಿಸುತ್ತದೆ, ಯಾವುದನ್ನು ಬದಲಿಸಬಹುದು

ಶುಗರ್ ಕಾಯಿಲೆಯೇ ಇಲ್ಲದಿದ್ದವರಿಗೂ ಕಿಡ್ನಿ ಕಸಿಯಾದ ಕೆಲವು ವಾರಗಳಲ್ಲಿ ಶುಗರ್ ಏರುವುದುಂಟು. ಮನೆಯವರು ಮೊದಲು ಕೇಳುವುದು 'ಏನು ತಿಂದೆ?' ಅಂತ. ಆದರೆ ಇಲ್ಲಿ ಊಟಕ್ಕಿಂತ ಮಾತ್ರೆಯ ಪಾಲು ಜಾಸ್ತಿ. ಹೊಸ ಕಿಡ್ನಿಯನ್ನು ದೇಹ ತಿರಸ್ಕರಿಸದಂತೆ ಕಾಯುವ ಮಾತ್ರೆಗಳೇ ಶುಗರ್ ಏರಿಸುತ್ತವೆ. ವೈದ್ಯರು ಇದನ್ನು ಪಿಟಿಡಿಎಂ ಅನ್ನುತ್ತಾರೆ, ಕಸಿಯ ನಂತರದ ಡಯಾಬಿಟಿಸ್ ಅಂತ ಅರ್ಥ. ಹಳೆಯ ಬರಹಗಳಲ್ಲಿ ನೋಡ್ಯಾಟ್ ಅಂತ ಕಂಡರೆ ಅದೂ ಹೆಚ್ಚುಕಡಿಮೆ ಇದೇ.

ನನ್ನ ಅಕ್ಕನಿಗೆ ಕಸಿಯಾದಾಗ ಅವಳ ಮಾತ್ರೆ ಡಬ್ಬಿ, ಶುಗರ್ ಬರೆಯುವ ಪುಸ್ತಕ ಎರಡೂ ನನ್ನ ಕೈಯಲ್ಲಿದ್ದವು. ಆಗಿನಿಂದ ಓದಿದ್ದು, ವೈದ್ಯರನ್ನು ಕೇಳಿ ತಿಳಿದದ್ದು ಇಲ್ಲಿದೆ. ಮೊದಲೇ ಒಂದು ಮಾತು. ಶುಗರ್‌ಗೆ ಒಳ್ಳೆಯ ಮಾತ್ರೆ ಕಿಡ್ನಿಗೂ ಒಳ್ಳೆಯದು ಅಂತ ಹೇಳಲಾಗದು. ಬರೀ ಶುಗರ್ ನೋಡಿ ಮಾತ್ರೆ ಆರಿಸಲು ಹೊರಟರೆ ಕಿಡ್ನಿಯೇ ಕೈತಪ್ಪಬಹುದು. ಒಂದು ಡೋಸನ್ನೂ ನೀವಾಗಿ ಬಿಡಬೇಡಿ, ಕಡಿಮೆಯೂ ಮಾಡಬೇಡಿ. ಇದನ್ನೆಲ್ಲ ತಿಳಿದುಕೊಳ್ಳುವುದು ವೈದ್ಯರ ಮುಂದೆ ಕೂತು ಸರಿಯಾದ ಪ್ರಶ್ನೆ ಕೇಳುವುದಕ್ಕೆ.

ಸ್ಟೀರಾಯ್ಡ್: ಏರಿಕೆ ಕಾಣುವುದು ಮಧ್ಯಾಹ್ನದ ಮೇಲೆ

ವೈಸೋಲೋನ್, ಓಮ್ನಾಕಾರ್ಟಿಲ್ ಅಂತ ಸಿಗುವ ಮಾತ್ರೆ ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್. ಆಪರೇಷನ್ ಸಮಯದಲ್ಲಿ ಸಾಮಾನ್ಯವಾಗಿ ಮೀಥೈಲ್ ಪ್ರೆಡ್ನಿಸೋಲೋನ್ ಇಂಜೆಕ್ಷನ್ ದೊಡ್ಡ ಪ್ರಮಾಣದಲ್ಲಿ ಕೊಡುತ್ತಾರೆ. ಆಮೇಲೆ ಮಾತ್ರೆ. ಅನೇಕ ಕಡೆ ದಿನಕ್ಕೆ 20 ಮಿ.ಗ್ರಾಂ ಆಸುಪಾಸಿನಲ್ಲಿ ಶುರುಮಾಡಿ, ಎರಡು ಮೂರು ತಿಂಗಳಲ್ಲಿ 5 ಮಿ.ಗ್ರಾಂಗೆ ಇಳಿಸುತ್ತಾರೆ. ಸ್ಟೀರಾಯ್ಡ್ ಎರಡು ಕೆಲಸ ಮಾಡುತ್ತದೆ. ಇನ್ಸುಲಿನ್ ಇದ್ದರೂ ಸ್ನಾಯುಗಳು ಅದರ ಮಾತು ಕೇಳದಂತೆ ಮಾಡುತ್ತದೆ. ಲಿವರ್ ಜಾಸ್ತಿ ಸಕ್ಕರೆ ತಯಾರಿಸಿ ರಕ್ತಕ್ಕೆ ಬಿಡುವಂತೆಯೂ ಮಾಡುತ್ತದೆ. ಮೇಲೆ ಹಸಿವು ಬೇರೆ ಹೆಚ್ಚುತ್ತದೆ.

ಅಕ್ಕನ ಪುಸ್ತಕದ ಒಂದು ಪುಟ ಹೀಗಿತ್ತು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ 94. ಮಧ್ಯಾಹ್ನದ ಊಟಕ್ಕೆ ಮುಂಚೆ 168. ಸಂಜೆ ನಾಲ್ಕಕ್ಕೆ 252. ರಾತ್ರಿ ಮಲಗುವಾಗ 190. ಮರುದಿನ ಬೆಳಿಗ್ಗೆ ಮತ್ತೆ ನೂರರೊಳಗೆ. ಬೆಳಿಗ್ಗೆ ಒಂದೇ ಸಲ ಸ್ಟೀರಾಯ್ಡ್ ನುಂಗುವವರಲ್ಲಿ ಹೀಗೇ ಆಗುತ್ತದೆ. ಮಾತ್ರೆಯ ಪ್ರಭಾವ ಮಧ್ಯಾಹ್ನದಿಂದ ಸಂಜೆವರೆಗೆ ಜೋರಾಗಿದ್ದು, ರಾತ್ರಿ ಕಳೆಯುವಷ್ಟರಲ್ಲಿ ಇಳಿಯುತ್ತದೆ. ನಾವೋ ಲ್ಯಾಬಿಗೆ ಹೋಗುವುದು ಬೆಳಿಗ್ಗೆ, ಖಾಲಿ ಹೊಟ್ಟೆಯಲ್ಲಿ. ಆ ರಿಪೋರ್ಟ್ ಚೆನ್ನಾಗಿಯೇ ಬರುತ್ತದೆ. ಅದನ್ನು ನೋಡಿ ಸಮಾಧಾನ ಪಡುವವರು ತುಂಬಾ ಜನ. ಅದಕ್ಕೇ ಮೊದಲ ತಿಂಗಳುಗಳಲ್ಲಿ ಗ್ಲೂಕೋಮೀಟರ್ ಹಿಡಿದು ಸಂಜೆ ಹೊತ್ತು ಚುಚ್ಚಿ ನೋಡಿ. ಸಂಜೆಯ ಅಂಕಿ ಹೇಳುವುದನ್ನು ಬೆಳಗಿನ ಅಂಕಿ ಹೇಳುವುದಿಲ್ಲ.

ಹಾಗಾದರೆ ಸ್ಟೀರಾಯ್ಡ್ ಪೂರ್ತಿ ಬಿಡಬಹುದಾ? ಕೆಲವರಿಗೆ ಬಿಡಬಹುದು. ಜರ್ಮನಿಯಲ್ಲಿ ನಡೆದು 2016ರಲ್ಲಿ ಪ್ರಕಟವಾದ ಹಾರ್ಮನಿ ಎಂಬ ಅಧ್ಯಯನ ಇದೆ. ಅದರಲ್ಲಿ ಕೆಲವು ಗುಂಪುಗಳಿಗೆ ಮೊದಲ ವಾರ ಕಳೆಯುತ್ತಲೇ ಸ್ಟೀರಾಯ್ಡ್ ನಿಲ್ಲಿಸಿದರು. ಒಂದು ವರ್ಷದಲ್ಲಿ ಸ್ಟೀರಾಯ್ಡ್ ಮುಂದುವರಿಸಿದವರಲ್ಲಿ ನೂರಕ್ಕೆ 39 ಜನರಿಗೆ ಡಯಾಬಿಟಿಸ್ ಬಂತು. ಬೇಗ ನಿಲ್ಲಿಸಿದವರಲ್ಲಿ 23ರಿಂದ 24. ರಿಜೆಕ್ಷನ್, ಅಂದರೆ ದೇಹ ಹೊಸ ಕಿಡ್ನಿಯನ್ನು ತಿರಸ್ಕರಿಸುವುದು, ಮಾತ್ರ ಹೆಚ್ಚಲಿಲ್ಲ. ಆದರೆ ಅವರೆಲ್ಲ ರಿಜೆಕ್ಷನ್ ಅಪಾಯ ಕಡಿಮೆ ಇದ್ದವರು. ಅವರಿಗೆ ಟ್ಯಾಕ್ರೊಲಿಮಸ್ ಮುಂದುವರಿದಿತ್ತು, ಶುರುವಿನಲ್ಲಿ ರೋಗನಿರೋಧಕ ಶಕ್ತಿ ತಗ್ಗಿಸುವ ಇಂಜೆಕ್ಷನ್ ಕೂಡ ಸಿಕ್ಕಿತ್ತು. ಎರಡನೇ ಸಲ ಕಸಿಯಾದವರು, ದೇಹದಲ್ಲಿ ಪ್ರತಿಕಾಯಗಳು ಜಾಸ್ತಿ ಇರುವವರು ಈ ಅಂಕಿ ನೋಡಿ ಆಸೆಪಡುವ ಹಾಗಿಲ್ಲ. ನಮ್ಮ ಕಡೆ ಹೆಚ್ಚಿನವರು 5 ಮಿ.ಗ್ರಾಂನಲ್ಲೇ ಉಳಿಯುತ್ತಾರೆ. ಅಷ್ಟಕ್ಕೆ ಇಳಿದರೂ ಶುಗರ್‌ನಲ್ಲಿ ಎದ್ದು ಕಾಣುವ ವ್ಯತ್ಯಾಸ ಆಗುತ್ತದೆ.

ಟ್ಯಾಕ್ರೊಲಿಮಸ್ಸೋ, ಸೈಕ್ಲೋಸ್ಪೋರಿನ್ನೋ?

ನಿಜವಾದ ಆಯ್ಕೆಯ ಪ್ರಶ್ನೆ ಬರುವುದು ಇಲ್ಲಿ. ಪ್ರೋಗ್ರಾಫ್, ಪ್ಯಾನ್‌ಗ್ರಾಫ್ ಅಂತ ಸಿಗುವುದು ಟ್ಯಾಕ್ರೊಲಿಮಸ್. ಕ್ಲಿನಿಕ್ಕುಗಳಲ್ಲಿ ಎಲ್ಲರ ಬಾಯಲ್ಲೂ ಅದು 'ಟ್ಯಾಕ್'. ಜಪಾನಿನ ತ್ಸುಕುಬಾ ಪ್ರದೇಶದ ಮಣ್ಣಿನ ಬ್ಯಾಕ್ಟೀರಿಯಾದಿಂದ 1984ರಲ್ಲಿ ಸಿಕ್ಕ ಔಷಧಿ. ಅದಕ್ಕೂ ಮುಂಚೆ ಬಂದದ್ದು ಸೈಕ್ಲೋಸ್ಪೋರಿನ್, ನಾರ್ವೆಯ ಮಣ್ಣಿನ ಒಂದು ಶಿಲೀಂಧ್ರದಿಂದ ತೆಗೆದದ್ದು. ಎರಡೂ ಮಾಡುವ ಕೆಲಸ ಒಂದೇ. ರೋಗನಿರೋಧಕ ಶಕ್ತಿಯ ಟಿ ಕೋಶಗಳೊಳಗಿನ ಕ್ಯಾಲ್ಸಿನ್ಯೂರಿನ್ ಎಂಬ ಕಿಣ್ವವನ್ನು ಕಟ್ಟಿಹಾಕುತ್ತವೆ, ಆ ಕೋಶಗಳು ಹೊಸ ಕಿಡ್ನಿಯ ಮೇಲೆ ಬೀಳದಂತೆ ತಡೆಯುತ್ತವೆ. ತೊಂದರೆ ಏನೆಂದರೆ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳಿಗೂ ಅದೇ ಕಿಣ್ವ ಬೇಕು. ಅದನ್ನು ತಡೆದರೆ ಇನ್ಸುಲಿನ್ ಕಡಿಮೆಯಾಗುತ್ತದೆ. ಟ್ಯಾಕ್ ಅಂಟಿಕೊಳ್ಳುವ ಪ್ರೋಟೀನು ಬೀಟಾ ಕೋಶಗಳಲ್ಲಿ ಧಾರಾಳವಾಗಿರುವುದರಿಂದ ಅದರ ಹೊಡೆತವೇ ಜಾಸ್ತಿ. ಎರಡೂ ಮೂತ್ರದಲ್ಲಿ ಮೆಗ್ನೀಷಿಯಂ ಹೊರಹಾಕುತ್ತವೆ. ರಕ್ತದಲ್ಲಿ ಮೆಗ್ನೀಷಿಯಂ ಕಡಿಮೆ ಇದ್ದವರಲ್ಲಿ ಕಸಿಯ ನಂತರದ ಶುಗರ್ ಹೆಚ್ಚಾಗಿ ಕಂಡುಬಂದಿದೆ. ಹಾಗಾಗಿ ಮೆಗ್ನೀಷಿಯಂ ಟೆಸ್ಟ್ ಮಾಡಿಸಿದ್ದೀರಾ ಅಂತ ಕೇಳುವುದರಲ್ಲಿ ತಪ್ಪಿಲ್ಲ.

2007ರ ಡೈರೆಕ್ಟ್ ಎಂಬ ಅಧ್ಯಯನ ಇವೆರಡನ್ನೂ ನೇರವಾಗಿ ಹೋಲಿಸಿತು. ಆರು ತಿಂಗಳಲ್ಲಿ ಹೊಸದಾಗಿ ಡಯಾಬಿಟಿಸ್ ಬಂದವರು ಅಥವಾ ಖಾಲಿ ಹೊಟ್ಟೆಯ ಶುಗರ್ ಏರಿದವರು ಟ್ಯಾಕ್ ಗುಂಪಿನಲ್ಲಿ ನೂರಕ್ಕೆ 33.6, ಸೈಕ್ಲೋಸ್ಪೋರಿನ್ ಗುಂಪಿನಲ್ಲಿ 26. ಶುಗರ್ ಲೆಕ್ಕದಲ್ಲಿ ಸೈಕ್ಲೋಸ್ಪೋರಿನ್ ಗೆದ್ದಿತು ಅಂತ ಅನಿಸುತ್ತದೆ, ಅಲ್ವಾ?

ಅದೇ ವರ್ಷ ಪ್ರಕಟವಾದ ಸಿಂಫನಿ ಅಧ್ಯಯನವನ್ನೂ ಪಕ್ಕದಲ್ಲಿಟ್ಟು ನೋಡಬೇಕು. ಒಂದು ವರ್ಷದಲ್ಲಿ ಬಯಾಪ್ಸಿಯಲ್ಲಿ ಖಚಿತವಾದ ರಿಜೆಕ್ಷನ್, ಕಡಿಮೆ ಡೋಸಿನ ಟ್ಯಾಕ್ ತೆಗೆದುಕೊಂಡವರಲ್ಲಿ ನೂರಕ್ಕೆ 12.3. ಮಾಮೂಲಿ ಡೋಸಿನ ಸೈಕ್ಲೋಸ್ಪೋರಿನ್‌ನಲ್ಲಿ 25.8. ಮುಂದೆ ಹೇಳುವ ಸಿರೋಲಿಮಸ್ ಎಂಬ ಇನ್ನೊಂದು ಕಸಿ ಮಾತ್ರೆಯ ಕಡಿಮೆ ಡೋಸಿನಲ್ಲಿ 37.2. ಕಿಡ್ನಿಯ ಕೆಲಸವೂ ಟ್ಯಾಕ್ ಗುಂಪಿನಲ್ಲೇ ಚೆನ್ನಾಗಿತ್ತು. ರಿಜೆಕ್ಷನ್ ಆದರೆ ಅದಕ್ಕೆ ಮತ್ತೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಡಬೇಕಾಗುತ್ತದೆ. ಆಗ ಶುಗರ್ ಎಲ್ಲಿಗೆ ಏರುತ್ತದೆ ಅಂತ ಬೇರೆ ಹೇಳಬೇಕಿಲ್ಲ. ಶುಗರ್ ಉಳಿಸಲು ಹೋಗಿ ಎರಡನ್ನೂ ಕಳೆದುಕೊಳ್ಳುವ ದಾರಿ ಅದು.

ಹಾಗಂತ ಸೈಕ್ಲೋಸ್ಪೋರಿನ್ ಬೇಡವೇ ಬೇಡ ಅಂತಲ್ಲ. ಕಸಿಯಾಗಿ ಕಾಲ ಕಳೆದು, ಕಿಡ್ನಿ ಗಟ್ಟಿಯಾಗಿ ನಿಂತು, ಶುಗರ್ ಮಾತ್ರ ಹತೋಟಿಗೆ ಬರದಿದ್ದರೆ ಅದು ನಿಜವಾದ ಆಯ್ಕೆ. 2018ರಲ್ಲಿ ಪ್ರಕಟವಾದ ರಿವರ್ಸ್ ಎಂಬ ಸಣ್ಣ ಅಧ್ಯಯನದಲ್ಲಿ, ಕಸಿಯ ನಂತರ ಡಯಾಬಿಟಿಸ್ ಬಂದವರನ್ನು ಎರಡು ಗುಂಪು ಮಾಡಿದರು. ಒಂದು ಗುಂಪನ್ನು ಟ್ಯಾಕ್‌ನಿಂದ ಸೈಕ್ಲೋಸ್ಪೋರಿನ್‌ಗೆ ಬದಲಿಸಿದರು. ಒಂದು ವರ್ಷದಲ್ಲಿ ಅವರಲ್ಲಿ ನೂರಕ್ಕೆ 34 ಜನ ಡಯಾಬಿಟಿಸ್‌ನಿಂದ ಹೊರಬಂದರು. ಟ್ಯಾಕ್‌ನಲ್ಲೇ ಉಳಿದವರಲ್ಲಿ ಹಾಗೆ ಹೊರಬಂದವರು ನೂರಕ್ಕೆ 10 ಮಾತ್ರ. ಆದರೆ ಸೈಕ್ಲೋಸ್ಪೋರಿನ್‌ಗೆ ಅದರದ್ದೇ ಕಾಟ ಇದೆ. ಬಿಪಿ, ಕೊಲೆಸ್ಟ್ರಾಲ್ ಏರುತ್ತವೆ. ಒಸಡು ಊದಿ ಬೆಳೆಯುತ್ತದೆ. ಮುಖ, ಕೈಮೇಲೆ ಕೂದಲು ದಟ್ಟವಾಗುತ್ತದೆ. ಇದನ್ನು ಹಗುರವಾಗಿ ತೆಗೆದುಕೊಳ್ಳುವವರು ಒಮ್ಮೆ ಮದುವೆ ವಯಸ್ಸಿನ ಹುಡುಗಿಯೊಬ್ಬಳನ್ನು ಕೇಳಿ ನೋಡಲಿ. ಮುಖದ ಕೂದಲಿಗೆ ಹೆದರಿ ಯಾರಿಗೂ ಹೇಳದೆ ಮಾತ್ರೆ ಬಿಟ್ಟರೆ ಕಿಡ್ನಿಯೇ ಹೋಗಬಹುದು. ಟ್ಯಾಕ್‌ನಲ್ಲಿ ಕೈ ನಡುಗುವುದು, ಕೂದಲು ಉದುರುವುದು, ಭೇದಿ.

ಸಿರೋಲಿಮಸ್, ಬೆಲಾಟಾಸೆಪ್ಟ್, ಉಳಿದವು

ಈಸ್ಟರ್ ದ್ವೀಪದ ಮಣ್ಣಿನಲ್ಲಿದ್ದ ಬ್ಯಾಕ್ಟೀರಿಯಾದಿಂದ ಸಿರೋಲಿಮಸ್ ಬೇರ್ಪಡಿಸಿ ಬೆಳಕಿಗೆ ತಂದವರಲ್ಲಿ ಮುಖ್ಯರು ಭಾರತ ಮೂಲದ ಸುರೇಂದ್ರನಾಥ ಸೆಹಗಲ್. ಅದೂ, ಅದರ ತಮ್ಮನಂತಿರುವ ಎವೆರೋಲಿಮಸ್ಸೂ ಕ್ಯಾಲ್ಸಿನ್ಯೂರಿನ್ ಮುಟ್ಟುವುದಿಲ್ಲ. ಅದಕ್ಕೇ ಮೊದಮೊದಲು ಇವು ಶುಗರ್‌ಗೆ ಒಳ್ಳೆಯವು ಅಂದುಕೊಂಡಿದ್ದರು. ಹಾಗಾಗಲಿಲ್ಲ. ಇವು ಇನ್ಸುಲಿನ್‌ನ ಕೆಲಸಕ್ಕೆ ಅಡ್ಡಬರುತ್ತವೆ, ಬೀಟಾ ಕೋಶ ಬೆಳೆಯುವುದನ್ನೂ ತಡೆಯುತ್ತವೆ. ಟ್ಯಾಕ್ ಜೊತೆಗೆ ಸಿರೋಲಿಮಸ್ ಸೇರಿದರೆ ಶುಗರ್‌ಗೆ ಇನ್ನೂ ಕಷ್ಟ. ಗಾಯ ಬೇಗ ಮಾಯುವುದಿಲ್ಲ, ಬಾಯಿ ಹುಣ್ಣು, ಕೊಲೆಸ್ಟ್ರಾಲ್, ಮೂತ್ರದಲ್ಲಿ ಪ್ರೋಟೀನ್ ಬೇರೆ. ಚರ್ಮದ ಕ್ಯಾನ್ಸರ್ ಬಂದವರಿಗೆ, ಕೆಲವು ವೈರಸ್ ಸೋಂಕಿನವರಿಗೆ ಇದರಿಂದ ಉಪಕಾರ ಇದೆ. ಶುಗರ್ ಕಡಿಮೆಯಾಗಲಿ ಅಂತ ಇದಕ್ಕೆ ಬದಲಿಸಿದರೆ ನಿರಾಶೆಯೇ ಹೆಚ್ಚು.

ಬೆಲಾಟಾಸೆಪ್ಟ್ ಮಾತ್ರೆ ಅಲ್ಲ, ತಿಂಗಳಿಗೊಮ್ಮೆ ಡ್ರಿಪ್ ಹಾಕಿಸಿಕೊಳ್ಳಬೇಕು. ಅಮೆರಿಕದಲ್ಲಿ 2011ರಲ್ಲಿ ಒಪ್ಪಿಗೆ ಸಿಕ್ಕಿತು. ಬೀಟಾ ಕೋಶಕ್ಕೆ ತೊಂದರೆ ಕೊಡುವುದಿಲ್ಲ. ಹಾಗಾಗಿ ಶುಗರ್, ಬಿಪಿ, ಕೊಲೆಸ್ಟ್ರಾಲ್ ಮೂರಕ್ಕೂ ಇದೇ ವಾಸಿ. ಏಳು ವರ್ಷದ ಲೆಕ್ಕದಲ್ಲಿ ಸೈಕ್ಲೋಸ್ಪೋರಿನ್‌ಗಿಂತ ಚೆನ್ನಾಗಿ ಕಿಡ್ನಿ ಕಾಯಿತು. ಆದರೆ ಮೊದಲ ವರ್ಷ ರಿಜೆಕ್ಷನ್ ಜಾಸ್ತಿ. ಎಪ್‌ಸ್ಟೀನ್ ಬಾರ್ ವೈರಸ್ ಹಿಂದೆಂದೂ ತಗುಲದವರಿಗೆ ಒಂದು ಬಗೆಯ ರಕ್ತದ ಕ್ಯಾನ್ಸರ್ ಅಪಾಯ ಇರುವುದರಿಂದ ಕೊಡುವಂತೆಯೇ ಇಲ್ಲ. ಅಮೆರಿಕದಲ್ಲಿರುವ ಕನ್ನಡಿಗರು ತಮ್ಮ ವೈದ್ಯರನ್ನು ಖಂಡಿತ ಕೇಳಬಹುದು. ನಮ್ಮಲ್ಲಿ ಬಳಕೆ ತೀರಾ ಕಡಿಮೆ.

ಮೈಕೋಫೆನೊಲೇಟ್, ಅಜಥಯೋಪ್ರಿನ್ ಎಂಬ ಕಸಿ ಮಾತ್ರೆಗಳು ಶುಗರ್ ಏರಿಸುವುದಿಲ್ಲ. ಅವುಗಳ ಬಗ್ಗೆ ಈ ವಿಚಾರದಲ್ಲಿ ತಲೆ ಕೆಡಿಸಿಕೊಳ್ಳಬೇಡಿ.

ಯಾರಿಗೆ ಯಾವುದು ಸರಿ

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಮೊದಲ ಸಲ ಕಸಿಯಾದ ಹೆಚ್ಚಿನವರಿಗೆ ಟ್ಯಾಕ್ ಇರಲಿ. ಶುಗರ್ ಏರಿದರೆ ಮೊದಲು ಕೇಳಬೇಕಾದ್ದು ಸ್ಟೀರಾಯ್ಡ್ ಇನ್ನಷ್ಟು ಇಳಿಸಬಹುದಾ ಅಂತ. ಎರಡನೆಯದು ಟ್ಯಾಕ್ ಲೆವೆಲ್, ಅಂದರೆ ರಕ್ತದಲ್ಲಿ ಟ್ಯಾಕ್ ಎಷ್ಟಿದೆ ಅನ್ನುವ ಅಂಕಿ, ಅಗತ್ಯಕ್ಕಿಂತ ಮೇಲಿದೆಯಾ ಅಂತ. ಶುರುವಿನಲ್ಲಿ ಹೆಚ್ಚಿನ ಕಡೆ 8ರಿಂದ 10 ನ್ಯಾನೋಗ್ರಾಂ ಆಸುಪಾಸು ಇಡುತ್ತಾರೆ, ತಿಂಗಳುಗಳು ಕಳೆದಂತೆ 5ರಿಂದ 7ಕ್ಕೆ ಇಳಿಸುತ್ತಾರೆ. ಮೂರನೆಯದು ಶುಗರ್‌ಗೇ ಔಷಧಿ. ಮಾತ್ರೆಯನ್ನೇ ಬದಲಿಸುವುದು ಇವೆಲ್ಲ ಆದ ಮೇಲೆ.

ಕಸಿಗೆ ಮುಂಚೆಯೇ ಎಚ್ಚರ ಬೇಕಾದವರೂ ಇದ್ದಾರೆ. ಅಪ್ಪ ಅಮ್ಮನಿಗೆ ಶುಗರ್ ಇರುವವರು, ನಲವತ್ತು ದಾಟಿದವರು, ಹೊಟ್ಟೆ ಬಂದವರು, ಹೆಪಟೈಟಿಸ್ ಸಿ ಇದ್ದವರು, ಕಿಡ್ನಿಯಲ್ಲಿ ನೀರುಗುಳ್ಳೆ ಬರುವ ವಂಶದ ಕಾಯಿಲೆ ಇರುವವರು. ನಾವು ದಕ್ಷಿಣ ಏಷ್ಯಾದವರು ಅನ್ನುವುದೇ ಒಂದು ಕಾರಣ. ಹೆಪಟೈಟಿಸ್ ಸಿಗೆ ಈಗ ಒಳ್ಳೆಯ ಮಾತ್ರೆ ಇದೆ, ಅದನ್ನು ಗುಣಪಡಿಸಿಕೊಳ್ಳುವುದೇ ಒಂದು ಲಾಭ. ಇಂಥವರು ಆಪರೇಷನ್ ದಿನ ನಿಗದಿ ಮಾಡುವಾಗಲೇ 'ನನಗೆ ಸ್ಟೀರಾಯ್ಡ್ ಬೇಗ ಇಳಿಸುವ ಪ್ಲಾನ್ ಆಗುತ್ತಾ?' ಅಂತ ಕೇಳಲಿ.

ಏರಿದ ಶುಗರ್ ಇಳಿಸಲು: ಇನ್ಸುಲಿನ್ ಮತ್ತು ಮಾತ್ರೆಗಳು

ಮೊದಲ ವಾರಗಳಲ್ಲಿ ಇನ್ಸುಲಿನ್ನೇ ಸರಿ. ಇನ್ಸುಲಿನ್ ಅಂದರೆ ಕೊನೆಯ ಹಂತ ಅನ್ನುವ ಹೆದರಿಕೆ ನಮ್ಮಲ್ಲಿ ತುಂಬಾ ಇದೆ. ಇಲ್ಲಿ ಅದು ತಪ್ಪು. ಇದು ಯಾವ ಕಸಿ ಮಾತ್ರೆಯ ಜೊತೆಗೂ ಜಗಳವಾಡುವುದಿಲ್ಲ, ಬೀಟಾ ಕೋಶಗಳಿಗೆ ಸ್ವಲ್ಪ ವಿಶ್ರಾಂತಿ ಕೊಡುತ್ತದೆ. ವಿಯೆನ್ನಾದಿಂದ 2012ರಲ್ಲಿ ಬಂದ ಸಣ್ಣ ಅಧ್ಯಯನದಲ್ಲಿ, ಆಪರೇಷನ್ ಆದ ತಕ್ಷಣ ಇನ್ಸುಲಿನ್ ಕೊಟ್ಟವರಲ್ಲಿ ವರ್ಷದ ಕೊನೆಗೆ ಡಯಾಬಿಟಿಸ್ ಕಡಿಮೆ ಇತ್ತು. ಆಮೇಲಿನ ದೊಡ್ಡ ಅಧ್ಯಯನದಲ್ಲಿ ಲಾಭ ಅಷ್ಟು ಸ್ಪಷ್ಟವಾಗಿ ಕಾಣಲಿಲ್ಲ. ಆದರೂ ಬೆಳಗಿನ ಸ್ಟೀರಾಯ್ಡ್ ಜೊತೆ ಬೆಳಿಗ್ಗೆಯೇ ಹಾಕುವ ಎನ್‌ಪಿಎಚ್ ಇನ್ಸುಲಿನ್ ಚೆನ್ನಾಗಿ ಹೊಂದುತ್ತದೆ, ಎರಡರ ಏರಿಳಿತದ ಹೊತ್ತು ಹೆಚ್ಚುಕಡಿಮೆ ಒಂದೇ. ಸ್ಟೀರಾಯ್ಡ್ ಇಳಿದಾಗಲೆಲ್ಲ ಇನ್ಸುಲಿನ್ ಕೂಡ ಇಳಿಸಲೇಬೇಕು. ಇಲ್ಲದಿದ್ದರೆ ಲೋ ಶುಗರ್ ಆಗುತ್ತದೆ.

ಮೊದಲೇ ಶುಗರ್ ಇದ್ದವರಿಗೆ ಇನ್ನೊಂದು ಆಶ್ಚರ್ಯ ಕಾದಿರುತ್ತದೆ. ಡಯಾಲಿಸಿಸ್ ಕಾಲದಲ್ಲಿ ಇನ್ಸುಲಿನ್ ತುಂಬಾ ಕಡಿಮೆ ಸಾಕಾಗುತ್ತಿತ್ತು. ಕೆಟ್ಟ ಕಿಡ್ನಿ ಇನ್ಸುಲಿನ್ ಹೊರಹಾಕುತ್ತಿರಲಿಲ್ಲ, ಅದು ದೇಹದಲ್ಲೇ ಉಳಿಯುತ್ತಿತ್ತು. ಹೊಸ ಕಿಡ್ನಿ ಕೆಲಸ ಶುರುಮಾಡಿದರೆ ಇನ್ಸುಲಿನ್ ಬೇಗ ಖಾಲಿ. ಡೋಸ್ ದುಪ್ಪಟ್ಟಾದರೆ ಗಾಬರಿ ಬೇಡ, ಕಿಡ್ನಿ ಚೆನ್ನಾಗಿರುವುದೂ ಅದಕ್ಕೊಂದು ಕಾರಣ.

ಮಾತ್ರೆಗೆ ಬಂದಾಗ ಗ್ಲಿಪ್ಟಿನ್‌ಗಳು ನನ್ನ ಪ್ರಕಾರ ಸುಲಭದ ದಾರಿ. ಲಿನಾಗ್ಲಿಪ್ಟಿನ್ 5 ಮಿ.ಗ್ರಾಂ, ಕಿಡ್ನಿ ಹೇಗಿದ್ದರೂ ಡೋಸ್ ಅದೇ. ಸಿಟಾಗ್ಲಿಪ್ಟಿನ್‌ಗೆ ಕಿಡ್ನಿ ನೋಡಿ ಡೋಸ್ ಕಡಿಮೆ ಮಾಡಬೇಕು. 2022ರಲ್ಲಿ ಅದರ ಪೇಟೆಂಟ್ ಮುಗಿದ ಮೇಲೆ ಬೆಲೆ ಇಳಿದಿದೆ. ಇವುಗಳಿಂದ ಲೋ ಶುಗರ್ ಅಪರೂಪ, ತೂಕವೂ ಏರುವುದಿಲ್ಲ. ಆದರೆ ಶುಗರ್ ತುಂಬಾ ಏರಿದ್ದರೆ ಇವು ಸಾಲುವುದಿಲ್ಲ.

ಮೆಟ್‌ಫಾರ್ಮಿನ್ ಅಗ್ಗ, ಹಳೆಯದು, ಒಳ್ಳೆಯದು. ಕಿಡ್ನಿ ಎಷ್ಟು ಸೋಸುತ್ತಿದೆ ಅಂತ ಹೇಳುವ ಇ-ಜಿಎಫ್‌ಆರ್ ಅಂಕಿ 30ಕ್ಕಿಂತ ಕೆಳಗಿದ್ದರೆ ಬೇಡ, 30ರಿಂದ 45ರ ನಡುವೆ ಡೋಸ್ ಅರ್ಧ. ಆಪರೇಷನ್ ಆದ ಹೊಸದರಲ್ಲಿ ಕ್ರಿಯಾಟಿನಿನ್ ಏರಿಳಿಯುವಾಗ ಹೆಚ್ಚಿನ ವೈದ್ಯರು ಕೊಡುವುದಿಲ್ಲ. ಮೈಕೋಫೆನೊಲೇಟ್‌ನಿಂದ ಈಗಾಗಲೇ ಭೇದಿ ಇದ್ದವರಿಗೆ ಇದು ಅದನ್ನು ಹೆಚ್ಚಿಸಬಹುದು.

ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಈಗ ಎಲ್ಲರ ಬಾಯಲ್ಲಿವೆ. ಹೃದಯಕ್ಕೂ ಕಿಡ್ನಿಗೂ ಒಳ್ಳೆಯದು ಅನ್ನುವುದು ಕಸಿಯಾಗದವರಲ್ಲಿ ಚೆನ್ನಾಗಿ ಸಾಬೀತಾಗಿದೆ. ಕಸಿಯಾದವರ ಮೇಲೆ ಓಸ್ಲೋದಲ್ಲಿ ನಡೆದ ಸಣ್ಣ ಅಧ್ಯಯನ 2019ರಲ್ಲಿ ಬಂತು, ಶುಗರ್ ಮತ್ತು ತೂಕ ಎರಡೂ ಇಳಿದವು. ಆದರೆ ಇದು ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವ ಮಾತ್ರೆ. ರೋಗನಿರೋಧಕ ಶಕ್ತಿ ತಗ್ಗಿರುವವರಿಗೆ ಜನನಾಂಗದ ಫಂಗಸ್, ಮೂತ್ರದ ಸೋಂಕು ಬರುವ ಭಯ ಇದ್ದೇ ಇದೆ. ಮೂತ್ರನಾಳದ ಸ್ಟೆಂಟ್ ತೆಗೆದು, ತಿಂಗಳುಗಳು ಕಳೆದು, ಪದೇ ಪದೇ ಸೋಂಕು ಬಾರದವರಿಗೆ ಆದರೆ ಸರಿ. ವಾಂತಿ ಭೇದಿ ಶುರುವಾದರೆ ಅಥವಾ ಉಪವಾಸ ಮಾಡಬೇಕಾಗಿ ಬಂದರೆ ಈ ಮಾತ್ರೆ ನಿಲ್ಲಿಸುವ ಬಗ್ಗೆ ತಕ್ಷಣ ವೈದ್ಯರಿಗೆ ಫೋನ್ ಮಾಡಿ.

ಹಳೆಯ ಗ್ಲಿಬೆನ್‌ಕ್ಲಮೈಡ್ ಮಾತ್ರ ಬೇಡ. ಕಿಡ್ನಿ ಸ್ವಲ್ಪ ಸೋತರೂ ಅದು ದೇಹದಲ್ಲಿ ಉಳಿದು ರಾತ್ರಿ ಲೋ ಶುಗರ್ ಮಾಡುತ್ತದೆ.

ಚಕ್ಕೋತ, ಅಮೃತಬಳ್ಳಿ, ಭೇದಿ

ದೇವನಹಳ್ಳಿ ಚಕ್ಕೋತಕ್ಕೆ ಜಿಐ ಟ್ಯಾಗ್ ಇದೆ, ರುಚಿಯೂ ಹಾಗೇ ಇದೆ. ಟ್ಯಾಕ್ ಅಥವಾ ಸೈಕ್ಲೋಸ್ಪೋರಿನ್ ನುಂಗುವವರು ಮಾತ್ರ ಅದನ್ನು ಮುಟ್ಟಬಾರದು. ದ್ರಾಕ್ಷಿಹಣ್ಣಲ್ಲ, ಗ್ರೇಪ್‌ಫ್ರೂಟ್ ಬೇಡ ಅಂತ ಚೀಟಿಯಲ್ಲಿ ಬರೆದಿರುತ್ತಾರಲ್ಲ, ಚಕ್ಕೋತ ಅದರ ಹತ್ತಿರದ ಸಂಬಂಧಿ. ಕರುಳಿನಲ್ಲಿ ಟ್ಯಾಕ್ ಒಡೆಯುವ ಕಿಣ್ವವನ್ನು ಅದು ತಡೆಯುತ್ತದೆ. ಟ್ಯಾಕ್ ಲೆವೆಲ್ ಏರುತ್ತದೆ, ಹಿಂದೆಯೇ ಕ್ರಿಯಾಟಿನಿನ್, ಶುಗರ್. ಫಂಗಸ್‌ಗೆ ಕೊಡುವ ಫ್ಲುಕೋನಜೋಲ್, ಬಿಪಿಯ ಡಿಲ್ಟಿಯಾಜೆಮ್, ಕೆಲವು ಆಂಟಿಬಯಾಟಿಕ್‌ಗಳೂ ಹೀಗೇ. ಟಿಬಿಗೆ ಕೊಡುವ ರಿಫಾಂಪಿಸಿನ್ ತದ್ವಿರುದ್ಧ, ಲೆವೆಲ್ ಕುಸಿದು ರಿಜೆಕ್ಷನ್ ಆಗಬಹುದು. ಎರಡು ದಿನ ಜೋರಾಗಿ ಭೇದಿಯಾದರೂ ಟ್ಯಾಕ್ ಲೆವೆಲ್ ಏರುತ್ತದೆ. ಇದು ಅನೇಕರಿಗೆ ಗೊತ್ತಿಲ್ಲ. ಇದ್ದಕ್ಕಿದ್ದಂತೆ ಶುಗರ್ ಏರಿದಾಗ ಊಟದ ಮೇಲೆ ಸಿಟ್ಟಾಗುವ ಮುಂಚೆ ಈ ವಾರ ಹೊಸ ಮಾತ್ರೆ ಬಂತಾ, ಹೊಟ್ಟೆ ಕೆಟ್ಟಿತ್ತಾ ಅಂತ ನೆನಪಿಸಿಕೊಳ್ಳಿ.

ಶುಗರ್‌ಗೆ ಅಂತ ಅಮೃತಬಳ್ಳಿ ಕಷಾಯ ಕುಡಿಸುವವರಿದ್ದಾರೆ. ಅದು ರೋಗನಿರೋಧಕ ಶಕ್ತಿಯನ್ನು ಎಬ್ಬಿಸಬಹುದು, ನಮಗೆ ಬೇಕಾದ್ದು ಅದು ಸುಮ್ಮನಿರುವುದು. ಅದನ್ನು ಕುಡಿದು ಲಿವರ್ ಕೆಟ್ಟ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಬಿಂಬುಳಿ ರಸ ಕುಡಿದು ಕಿಡ್ನಿ ಕೆಟ್ಟದ್ದು ಪಕ್ಕದ ಕೇರಳದಲ್ಲಿ ವರದಿಯಾಗಿದೆ. ಇವೆರಡನ್ನೂ ದೂರ ಇಡಿ. ಊಟದ ವಿಷಯದಲ್ಲಿ ಒಂದು ಮಾತು. ಡಯಾಲಿಸಿಸ್ ಕಾಲದಲ್ಲಿ ಪೊಟಾಷಿಯಂ ಅಂತ ಬಾಳೆಹಣ್ಣು, ಎಳನೀರು, ಮಾವು ಎಲ್ಲ ಬಂದ್ ಇರುತ್ತದೆ. ಕಸಿಯಾದ ಮೇಲೆ ಆ ಬಾಗಿಲು ತೆರೆಯುತ್ತದೆ, ಸ್ಟೀರಾಯ್ಡ್ ಹಸಿವೂ ಸೇರುತ್ತದೆ. ಪ್ರೀತಿಯಿಂದ ಮನೆಯವರು ತಟ್ಟೆ ತುಂಬುತ್ತಾರೆ. ಹಣ್ಣು ಕೊಡಿ, ಆದರೆ ಸಂಜೆ ನಾಲ್ಕರ ಹೊತ್ತಿಗೆ ಬೇಡ, ಬೆಳಗಿನ ತಿಂಡಿಯ ಜೊತೆ ಸ್ವಲ್ಪ ಕೊಡಿ.

ಟೆಸ್ಟ್ ಮಾಡಿಸುವಾಗ

ಆಪರೇಷನ್ ಆದ ಮೊದಲ ವಾರ ಹೆಚ್ಚಿನವರಿಗೆ ಶುಗರ್ ಏರುತ್ತದೆ. ಅದನ್ನೇ ಕಾಯಂ ಡಯಾಬಿಟಿಸ್ ಅನ್ನಲಾಗದು. ಆರು ವಾರ ಕಳೆದು, ಡೋಸ್‌ಗಳು ಒಂದು ಹದಕ್ಕೆ ಬಂದ ಮೇಲೆ ನಿರ್ಧರಿಸುತ್ತಾರೆ. ಖಾಲಿ ಹೊಟ್ಟೆಯಲ್ಲಿ 126 ಅಥವಾ ಮೇಲೆ, ಇಲ್ಲವೇ 75 ಗ್ರಾಂ ಗ್ಲೂಕೋಸ್ ಕುಡಿದ ಎರಡು ಗಂಟೆಗೆ 200 ಅಥವಾ ಮೇಲೆ ಬಂದರೆ ಡಯಾಬಿಟಿಸ್. ಎರಡು ಮೂರು ತಿಂಗಳ ಶುಗರ್‌ನ ಸರಾಸರಿ ತೋರಿಸುವ ಎಚ್‌ಬಿಎ1ಸಿ ಟೆಸ್ಟ್ ಮೊದಲ ತಿಂಗಳುಗಳಲ್ಲಿ ನಂಬಿಕೆಗೆ ಅರ್ಹ ಅಲ್ಲ. ರಕ್ತಹೀನತೆ, ರಕ್ತ ಹಾಕಿಸಿಕೊಂಡದ್ದು, ರಕ್ತ ಹೆಚ್ಚಿಸುವ ಇಂಜೆಕ್ಷನ್ ಎಲ್ಲ ಆ ಅಂಕಿಯನ್ನು ಕೆಡಿಸುತ್ತವೆ. 5.8 ಬಂತು ಅಂತ ನಿಶ್ಚಿಂತೆಯಾಗಿರಬೇಡಿ.

ಟ್ಯಾಕ್ ಬ್ರಾಂಡ್ ಬದಲಿಸಬೇಡಿ. ಅಂಗಡಿಯವನು 'ಅದೇ ಔಷಧಿ, ಕಂಪನಿ ಬೇರೆ' ಅಂದರೂ ಮೊದಲು ಆಸ್ಪತ್ರೆಗೆ ತಿಳಿಸಿ, ಬದಲಿಸಿದರೆ ಲೆವೆಲ್ ಮತ್ತೆ ನೋಡಿಸಿ. ಲೆವೆಲ್‌ಗೆ ರಕ್ತ ಕೊಡುವ ದಿನ ಬೆಳಗಿನ ಟ್ಯಾಕ್ ಜೊತೆಯಲ್ಲಿ ಒಯ್ಯಿರಿ, ರಕ್ತ ಕೊಟ್ಟ ಮೇಲೆ ನುಂಗಿ. ಮೊದಲೇ ನುಂಗಿ ಹೋದರೆ ಅಂಕಿ ಸುಳ್ಳು ಏರಿಕೆ ತೋರಿಸುತ್ತದೆ, ಅದನ್ನು ನಂಬಿ ವೈದ್ಯರು ಡೋಸ್ ಇಳಿಸಿಬಿಡಬಹುದು. ಸಂಜೆಯ ಶುಗರ್ ಅಂಕಿಗಳಿರುವ ಪುಸ್ತಕವೂ ಅದೇ ಚೀಲದಲ್ಲಿರಲಿ.